ಉಮೇದುವಾರನ ಧೈರ್ಯ

ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ನೌಕರಿಯನ್ನು ಬಯಸಿದ ತರುಣನಿಗೆ, ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ, ಆತ್ಮವಿಶ್ವಾಸಕ್ಕಿಂತ ತಾಳ್ಮೆಯೇ ಹೆಚ್ಚಾಗಿ ಬೇಕಾಗಿದ್ದಿತು. ಬಲ್ಲವರೊಬ್ಬರ ಶಿಫಾರಸು ಪತ್ರವನ್ನು ಹಿಡಿದು ಬಂದು, ಸಂಬಳವಿಲ್ಲದ ಉಮೇದುವಾರನಾಗಿ ಕಾಗದಗಳನ್ನು ನಕಲು ಮಾಡುತ್ತ, ಶಿರಸ್ತೇದಾರರ ಕೃಪಾಕಟಾಕ್ಷವು ತನ್ನತ್ತ ಹೊರಳುವವರೆಗೆ ಕಾದಿರುವುದೇ ಅಂದಿನ ಪದ್ಧತಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಏರ್ಪಟ್ಟ ಮೇಲೆ, ಮೇಲ್ದರ್ಜೆಯ ಹುದ್ದೆಗಳ ಮಟ್ಟಿಗಾದರೂ ವಶೀಲಿಯು ಕುಳಿತಿದ್ದ ಎಡೆಗೆ ವಿದ್ಯೆಯು ಬಂದಿತು.

ಆದರೆ ಆ ವಿದ್ಯೆಯನ್ನು ಸಂಪಾದಿಸಬೇಕಾದ ಪಟ್ಟಣದಲ್ಲಿ ಹಳ್ಳಿಯ ಹುಡುಗನು ತಂಗುವುದೆಲ್ಲಿ, ಉಣ್ಣುವುದೆಲ್ಲಿ? ಬಡ ಬ್ರಾಹ್ಮಣ ವಿದ್ಯಾರ್ಥಿಗೆ ವಾರಾನ್ನವೊಂದು ಆಸರೆಯಾಗಿದ್ದಿತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಕರೆದಾಗ ಎಲೆಯ ಮುಂದೆ ಕುಳಿತು, ಬಡಿಸಿದಷ್ಟನ್ನು ಉಂಡು, ಇನ್ನಷ್ಟು ಬೇಕೆಂದು ಬಾಯಿಬಿಟ್ಟು ಕೇಳಲಾರದೆ ಏಳುವುದು. ಹಸಿವನ್ನು ನೀಗಿದ ಆ ಏರ್ಪಾಡೇ ದನಿಯನ್ನು ತಗ್ಗಿಸುವುದನ್ನೂ ಕಲಿಸಿತು. ಇತರ ಜಾತಿಗಳ ಹುಡುಗರಿಗಾದರೋ ಅಷ್ಟು ಆಸರೆಯೂ ದುರ್ಲಭ. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವೂ ಇತರ ಸಮುದಾಯಗಳ ಸಂಘ, ಮಠಗಳೂ ವಿದ್ಯಾರ್ಥಿನಿಲಯಗಳನ್ನು ತೆರೆದುದು ಈ ಕೊರತೆಯನ್ನು ನೀಗಲೆಂದೇ. 1918ರಲ್ಲಿ ನೇಮಕಗೊಂಡ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯೂ ಹಿಂದುಳಿದ ಕೋಮುಗಳಿಗೆ ಹುದ್ದೆಗಳಲ್ಲಿ ಪಾಲಿನೊಡನೆ ವಿದ್ಯಾಭ್ಯಾಸಕ್ಕೆ ನೆರವನ್ನೂ ಶಿಫಾರಸು ಮಾಡಿತು. ಹಂಗಿಲ್ಲದ ಪಂಕ್ತಿಯ ಊಟ, ತನ್ನಂತಹವರ ಸಹವಾಸ, ಚರ್ಚಾಕೂಟದಲ್ಲಿ ಎದ್ದು ನಿಂತು ನಾಲ್ಕು ಮಾತನಾಡುವ ಅವಕಾಶ, ಇವುಗಳಿಂದ ಹುಟ್ಟಿದ ಧೈರ್ಯವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು.

ಆ ಧೈರ್ಯಕ್ಕೆ ಬೆಲೆ ಕಟ್ಟುವ ಕಾಲವೂ ಅಷ್ಟರಲ್ಲಿಯೇ ಒದಗಿತು. ಇಂಗ್ಲೆಂಡಿನ ಮೇಲ್ದರ್ಜೆಯ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಮೌಖಿಕಕ್ಕೆ 300 ಅಂಕಗಳನ್ನಿಡಬೇಕೆಂದು 1917ರಲ್ಲಿ ಲೀತ್ಸ್ ಸಮಿತಿಯು ಸಲಹೆಯಿತ್ತಿತು. ಮೌಖಿಕದ ಪದ್ಧತಿಯು ನಮ್ಮಲ್ಲಿಗೂ ಬಂದಿತು. ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ, ಐ.ಎ.ಎಸ್. ಸಂದರ್ಶನದಲ್ಲಿ ಕನಿಷ್ಠ ಅಂಕಗಳನ್ನು ಪಡೆಯಲಾರದವನು ಬರವಣಿಗೆಯಲ್ಲಿ ಎಷ್ಟೇ ಗಳಿಸಿದ್ದರೂ ಹೊರಗುಳಿಯಬೇಕಾಗಿದ್ದಿತು. 1957ರಲ್ಲಿ ಆ ನಿಯಮವು ರದ್ದಾಯಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರವು ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು.

ಅರ್ಧ ಗಂಟೆಯ ಸಂದರ್ಶನದಲ್ಲಿ ಮಂಡಲಿಯ ಸದಸ್ಯರಿಗೆ ಕಾಣುವುದು ಅಭ್ಯರ್ಥಿಯೊಬ್ಬನೇ ಅಲ್ಲ. ಅವನು ಬೆಳೆದ ಮನೆ, ಓದಿದ ಶಾಲೆ, ಉಂಡ ಪಂಕ್ತಿಗಳೆಲ್ಲವೂ ಅವನ ದನಿಯಲ್ಲಿ ಕೂಡಿಯೇ ಇರುತ್ತವೆ. ಆದಕಾರಣ, ಧೈರ್ಯ ತಂದುಕೊಳ್ಳಿರೆಂದು ತರುಣರಿಗೆ ಉಪದೇಶಿಸುವ ಮುನ್ನ, ಅಂಜದೆ ಮಾತನಾಡುವ ಎಡೆಯನ್ನು ಅವರಿಗೆ ಶಾಲೆಯಲ್ಲಿಯೇ ಕಲ್ಪಿಸಿಕೊಡುವುದು ಹಿರಿಯರಾದವರ ಕರ್ತವ್ಯ.