ಮನೆಯ ಸಂಗೀತ ಸರ್ವರ್: ದೋಷ ಪತ್ತೆ

ಮನೆಯಲ್ಲಿರುವ ಹಾಡಿನ ಫೈಲುಗಳನ್ನೆಲ್ಲ ಒಂದು ಕಂಪ್ಯೂಟರಿನಲ್ಲಿ ಕೂಡಿಟ್ಟು, ಬೇಕೆಂದಾಗ ಫೋನು, ಟಿ.ವಿ., ಸ್ಪೀಕರುಗಳಿಗೆ ವೈಫೈ ಮೂಲಕ ಹರಿಸುವ ತಂತ್ರಾಂಶವೇ ಸಂಗೀತ ಸರ್ವರ್. ಲಿರಿಯಾನ್, ಜೆಲ್ಲಿಫಿನ್, ನ್ಯಾವಿಡ್ರೋಮ್ ಉಚಿತವಾಗಿ ಸಿಗುತ್ತವೆ. ಇವುಗಳಲ್ಲಿ ಲಿರಿಯಾನ್ ಹಿರಿಯದು. ಸ್ಲಿಮ್ ಡಿವೈಸಸ್ ಎಂಬ ಕಂಪನಿ 2001ರ ಹೊತ್ತಿಗೆ ತನ್ನ ಪ್ಲೇಯರ್ ಜೊತೆ ಹೊರತಂದ ಈ ತಂತ್ರಾಂಶ 2006ರಲ್ಲಿ ಲಾಜಿಟೆಕ್ ಕೈಸೇರಿತು. ಆ ಕಂಪನಿಯ ಆನ್‌ಲೈನ್ ಸೇವೆ 2024ರಲ್ಲಿ ಮುಚ್ಚಿತು, ಅದೇ ವರ್ಷ ತಂತ್ರಾಂಶಕ್ಕೆ ಈಗಿನ ಹೆಸರು ಬಂತು. ಹೊರಗಿನ ನೆಟ್ ಕಡಿದರೂ ಮನೆಯೊಳಗೆ ಹಾಡು ನಿಲ್ಲಬಾರದು. ನಿಂತರೆ ದೋಷವನ್ನು ಮನೆಯೊಳಗೇ ಹುಡುಕಬೇಕು.

ಧಾರವಾಡ ಸೀಮೆಯಲ್ಲಿ ಇಂಥ ಸರ್ವರಿಗೆ ತುಂಬುವ ಸರಕಿನ ಕೊರತೆಯಿಲ್ಲ. ಕುಂದಗೋಳದ ಗಾಯಕ ಸವಾಯಿ ಗಂಧರ್ವರ (1886–1952) ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು ಹಿಡಿಯುತ್ತಿತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಆಮೇಲೆ ಕ್ಯಾಸೆಟ್ ಬಂದು, ಗಂಟೆಗಟ್ಟಲೆಯ ಖಯಾಲು ಮನೆಯಲ್ಲೇ ಉಳಿಯುವಂತಾಯಿತು. ಸಿ.ಡಿ. ಗುಣಮಟ್ಟದಲ್ಲಿ ಒಂದು ಗಂಟೆಯ ಹಾಡಿಗೆ ಸುಮಾರು 635 ಎಂ.ಬಿ. ಬೇಕು, ಗುಣ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅದರರ್ಧ. ಮೂರು ನಿಮಿಷದ ಸಿನಿಮಾ ಹಾಡು ಪೂರ್ತಿ ಬಫರಿನಲ್ಲಿ ಕೂತುಬಿಡುವುದರಿಂದ ವೈಫೈ ತೊದಲಿದರೂ ಗೊತ್ತಾಗುವುದಿಲ್ಲ. ಉದ್ದನೆಯ ಖಯಾಲಿನಲ್ಲಾದರೆ ನಿಧಾನಗತಿಯ ವಿಲಂಬಿತ ಮುಗಿಯುವ ಹೊತ್ತಿಗೆ ಆ ತೊದಲು ಬಯಲಾಗುತ್ತದೆ.

ದೋಷ ಹುಡುಕುವುದಕ್ಕೆ ಒಂದು ಕ್ರಮವಿದೆ. ಸರ್ವರ್ ಇರುವ ಕಂಪ್ಯೂಟರಿನ ಬ್ರೌಸರಿನಲ್ಲೇ ಮೊದಲು 127.0.0.1:9000 ಹಾಕಿ ನೋಡಬೇಕು. 9000 ಎಂಬುದು ಲಿರಿಯಾನ್ ಪೋರ್ಟು, ಜೆಲ್ಲಿಫಿನ್ ಆದರೆ 8096, ನ್ಯಾವಿಡ್ರೋಮ್ ಆದರೆ 4533. ಪುಟ ಬರದಿದ್ದರೆ ತಂತ್ರಾಂಶವೇ ಎದ್ದಿಲ್ಲ, ಲಾಗ್ ಫೈಲಿನ ಕೊನೆಯ ಸಾಲುಗಳನ್ನು ಓದಬೇಕು. ಅಲ್ಲಿ ಬಂದು, ಫೋನಿನಲ್ಲಿ ಸರ್ವರಿನ 192.168 ವಿಳಾಸ ಹಾಕಿದಾಗ ಬರದಿದ್ದರೆ ಅದು ಫೈರ್‌ವಾಲ್ ಅಥವಾ ಜಾಲದ ತಕರಾರು. ವಿಂಡೋಸ್ ಮನೆಯ ವೈಫೈಯನ್ನು ‘ಪಬ್ಲಿಕ್’ ಎಂದು ಗುರುತಿಸಿದ್ದರೆ ಹೀಗಾಗುತ್ತದೆ. ಲಿರಿಯಾನ್‌ನಲ್ಲಿ ಪುಟ ಬಂದರೂ ಪ್ಲೇಯರ್ ಕಾಣದಿದ್ದರೆ 3483ನೇ ಪೋರ್ಟ್ ಮುಚ್ಚಿರಬಹುದು. ಇನ್ನು, ವಿಳಾಸ ಹಾಕಿದರೆ ಸಿಗುತ್ತದೆ, ಟಿ.ವಿ. ತಾನಾಗಿ ಹುಡುಕಿದರೆ ಸಿಗುವುದಿಲ್ಲ ಎಂಬುದು ಬೇರೆಯೇ ಕಥೆ. ಟಿ.ವಿ.ಗಳು ಬಳಸುವ ಡಿಎಲ್‌ಎನ್‌ಎ ಪದ್ಧತಿ 239.255.255.250 ಎಂಬ ವಿಳಾಸಕ್ಕೆ ಕೂಗು ಹಾಕಿ ‘ಯಾರಿದ್ದೀರಿ’ ಎಂದು ಕೇಳುತ್ತದೆ. ಗೆಸ್ಟ್ ವೈಫೈಯಲ್ಲಿ ಆ ಕೂಗು ಆಚೆಗೆ ದಾಟುವುದಿಲ್ಲ.

ಕೂಗು ದಾಟದಿರಲು ಇನ್ನೊಂದು ಕಾರಣ ಎರಡು ರೂಟರ್. ಫೈಬರ್ ತಂದವರು ಕೂಡಿಸಿದ ಡಬ್ಬಿಯಲ್ಲೇ ವೈಫೈ ಇರುತ್ತದೆ. ಸಿಗ್ನಲ್ ಸಾಲದೆಂದು ಪೇಟೆಯಿಂದ ಮತ್ತೊಂದು ರೂಟರ್ ತಂದು ಅದಕ್ಕೆ ಜೋಡಿಸುತ್ತೇವೆ. ಆಗ ಒಂದೇ ಮನೆಯಲ್ಲಿ 192.168.1, 192.168.0 ಎಂದು ಎರಡು ಓಣಿಗಳಾಗುತ್ತವೆ. ಎರಡನೆಯದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದರ ವಿಳಾಸ ಬದಲಿಸಿ, ವೈರನ್ನು ವ್ಯಾನ್ ಬಿಟ್ಟು ಲ್ಯಾನ್ ತೂತಿಗೆ ಚುಚ್ಚಿದರೆ ಓಣಿ ಒಂದಾಗುತ್ತದೆ.

ನವಲಗುಂದ ತಾಲೂಕಿನ ತಿರ್ಲಾಪುರದಂಥ ಎರೆ ಸೀಮೆಯ ಊರುಗಳಲ್ಲಿ ಮನೆಯ ಕಟ್ಟೋಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಳೆಯ ಮೇಲ್ಮುದ್ದೆ ಮನೆಯ ದಪ್ಪ ಮಣ್ಣಿನ ಗೋಡೆ ಬೇಸಿಗೆಗೆ ತಂಪು, 5 ಗಿಗಾಹರ್ಟ್ಸ್ ವೈಫೈಗೆ ಶತ್ರು. 2.4 ಗಿಗಾಹರ್ಟ್ಸ್ ವೇಗ ಕಡಿಮೆ, ಆದರೆ ಗೋಡೆ ದಾಟುವುದರಲ್ಲಿ ವಾಸಿ. ಸೆಕೆಂಡಿಗೆ ಒಂದೆರಡು ಮೆಗಾಬಿಟ್ ಸಾಕಾಗುವ ಹಾಡಿಗೆ ಅದು ಧಾರಾಳ. ಪಡಸಾಲೆಯಿಂದ ಒಳಕೋಣೆಗೆ ವೈರನ್ನೇ ಎಳೆದುಬಿಡುವುದು ಎಲ್ಲಕ್ಕಿಂತ ಮೇಲು.

ಕರೆಂಟ್ ಹೋಗಿ ಬಂದಾಗ ಹುಟ್ಟುವ ದೋಷ ವಿಚಿತ್ರವಾಗಿ ಕಾಣುತ್ತದೆ. ರೂಟರಿಗಿಂತ ಮೊದಲು ಸರ್ವರ್ ಎದ್ದರೆ ವಿಳಾಸ ಕೊಡುವವರಿಲ್ಲದೆ ತಾನೇ 169.254 ಎಂದು ಒಂದನ್ನು ಇಟ್ಟುಕೊಳ್ಳಬಹುದು. ಹೊರಗಿನ ಡಿಸ್ಕ್ ಏಳುವ ಮೊದಲೇ ಸ್ಕ್ಯಾನ್ ನಡೆದರೆ ಸಂಗ್ರಹವೆಲ್ಲ ಬರಿದಾದಂತೆ ತೋರುತ್ತದೆ. ಹಾಡು ಎಲ್ಲಿಯೂ ಹೋಗಿರುವುದಿಲ್ಲ. ಡಿಸ್ಕ್ ಬಂದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿದರಾಯಿತು. ಸರ್ವರ್ ಆಗಿ ಬಳಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ತನ್ನ ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಮಾತ್ರ ಡೇಟಾಬೇಸ್ ಕೆಡಬಹುದು. ರೂಟರಿಗೊಂದು ಪುಟ್ಟ ಯುಪಿಎಸ್ ಇಡುವವರು ಸರ್ವರನ್ನೂ ಅದರಂತೆಯೇ ಕಾಯುವುದು ಒಳ್ಳೆಯದು.

ಇಂಗ್ಲಿಷ್ ಕೈಪಿಡಿಗಳು ಸಾಮಾನ್ಯವಾಗಿ ಮುಟ್ಟದ ವಿಷಯ ಕನ್ನಡ ಲಿಪಿ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್. ‘ಲಕ್ಷ್ಮೀ’ ನಮ್ಮ ಲೆಕ್ಕದಲ್ಲಿ ಎರಡಕ್ಷರ, ಕಂಪ್ಯೂಟರಿಗೆ ಏಳು ಸಂಕೇತ, 21 ಬೈಟ್. ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ; ವಚನದ ಮೊದಲ ಸಾಲು, ರಾಗ, ಹಾಡಿದವರು ಎಲ್ಲವನ್ನೂ ಹೆಸರಿನಲ್ಲೇ ತುಂಬಿದ ಫೈಲು ವಿಂಡೋಸಿನಲ್ಲಿ ಇದ್ದು, ಸರ್ವರಿಗೆ ನಕಲಾಗದೆ ಉಳಿಯುವುದು ಇದರಿಂದ. ಹಾಡಿನ ವಿವರ ಬರೆದಿಡುವ ಎಂಪಿ3ಯ ಹಳೆಯ ಐಡಿ3 ಟ್ಯಾಗಿನಲ್ಲಿ ಕಲಾವಿದರ ಹೆಸರಿಗೆ ಇರುವುದು 30 ಬೈಟ್ ಮಾತ್ರ. ಅದರಲ್ಲಿ ‘ಮಲ್ಲಿಕಾರ್ಜುನ ಮನಸೂರ’ ಎಂದು ತುರುಕಿದರೆ ‘ಮಲ್ಲಿಕಾರ್ಜ’ಕ್ಕೇ ತುಂಡಾಗುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಟ್ಯಾಗುಗಳು ಕಲಸುಮೇಲೋಗರವಾದ ರೋಮನ್ ಅಕ್ಷರಗಳಾಗಿ ಬರುತ್ತವೆ. ಯುನಿಕೋಡ್‌ಗೆ ಪರಿವರ್ತಿಸುವುದೊಂದೇ ದಾರಿ.

ಒಬ್ಬರೇ ಕಲಾವಿದರು ಪಟ್ಟಿಯಲ್ಲಿ ಎರಡು ಸಲ ಕಾಣುವುದೂ ಉಂಟು. ‘ಭೀಮಸೇನ’ದ ಭೀ ಅಕ್ಷರವನ್ನು ಒಂದೇ ಈಕಾರವಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘವನ್ನು ಬಿಡಿಬಿಡಿಯಾಗಿಯೂ ಬರೆಯಬಹುದು, ಸೇ ಅಕ್ಷರಕ್ಕೂ ಹಾಗೆಯೇ. ಮ್ಯಾಕಿನ ಹಳೆಯ ಡಿಸ್ಕುಗಳು ಫೈಲಿನ ಹೆಸರನ್ನು ಬಿಡಿಸಿ ಇಡುತ್ತವೆ. ಅಂಥ ಹೆಸರಿನಿಂದ ಟ್ಯಾಗ್ ತುಂಬಿದರೆ, ಕಣ್ಣಿಗೆ ಒಂದೇ ಆಗಿ ಕಂಡರೂ ಸರ್ವರಿಗೆ ಇಬ್ಬರು ಭೀಮಸೇನರು. ಟ್ಯಾಗನ್ನು ಒಂದೇ ಕೀಲಿಮಣೆಯಲ್ಲಿ ಹೊಸದಾಗಿ ಟೈಪಿಸಿ ಸ್ಕ್ಯಾನ್ ಮಾಡಿಸಿದರೆ ಇಬ್ಬರೂ ಒಬ್ಬರಾಗುತ್ತಾರೆ.

ಊರಿನ ಸರ್ವರನ್ನು ಬೆಂಗಳೂರಿನಲ್ಲಿ ಕೂತು ಕೇಳಬೇಕೆಂದರೆ ರೂಟರಿನ ಹೊರವಿಳಾಸ ನೋಡಬೇಕು. ಅದು 100.64ರಿಂದ 100.127ರ ನಡುವೆ ಇದ್ದರೆ ನೆಟ್ ಕೊಡುವ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಆಗ ಪೋರ್ಟ್ ಫಾರ್ವರ್ಡ್ ಮಾಡಿ ಫಲವಿಲ್ಲ. ಟೇಲ್‌ಸ್ಕೇಲ್‌ನಂಥ ವಿಪಿಎನ್ ಅನ್ನು ಸರ್ವರ್, ಫೋನು ಎರಡರಲ್ಲೂ ಹಾಕಿಕೊಳ್ಳಬೇಕು. ಹೊರಗಿನವರಿಗೆ ಹಾಡು ಹೋಗುವುದು ಮನೆಯ ಅಪ್‌ಲೋಡ್ ವೇಗದಲ್ಲಿ. ಅದು ಕಡಿಮೆಯಿದ್ದರೆ ಫ್ಲ್ಯಾಕ್ ಬದಲು 128 ಕೆಬಿಪಿಎಸ್ ಓಪಸ್‌ಗೆ ಇಳಿಸಿ ಕಳಿಸುವಂತೆ ಸರ್ವರಿಗೆ ಹೇಳಿಟ್ಟರೆ ಹಾಡು ತಡೆಯುವುದಿಲ್ಲ.