ಆರ್ಕಾಟ್ ರಸ್ತೆಯ ದೂರಪಾಠ

ಚೆನ್ನೈನ ಪೋರೂರಿನ ಕೂಡುರಸ್ತೆಯಿಂದ ಪೂರ್ವಕ್ಕೆ ಹೊರಟ ಆರ್ಕಾಟ್ ರಸ್ತೆ ವಳಸರವಾಕ್ಕಂ, ಸಾಲಿಗ್ರಾಮಂ, ವಡಪಳನಿ ದಾಟಿ ಕೋಡಂಬಾಕ್ಕಂ ಮುಟ್ಟುತ್ತದೆ. ಕನ್ನಡ ಚಿತ್ರಗೀತೆಯ ಚರಿತ್ರೆಯ ದೊಡ್ಡ ಭಾಗ ಈ ರಸ್ತೆಯ ಎಡಬಲಗಳಲ್ಲೇ ನಡೆದುಹೋಗಿದೆ. 1954ರ ‘ಬೇಡರ ಕಣ್ಣಪ್ಪ’ದ ಬೆನ್ನಿಗೆ ಗುಬ್ಬಿ ವೀರಣ್ಣನವರ ಜೊತೆ ಎವಿಎಂ ಸ್ಟುಡಿಯೊ ನಿಂತಿತ್ತು, ಆಮೇಲೂ ದಶಕಗಳ ಕಾಲ ಕನ್ನಡದ ಹಾಡು ಧ್ವನಿಮುದ್ರಣಕ್ಕಾಗಿ ಮದರಾಸಿನ ರೈಲು ಹತ್ತಬೇಕಿತ್ತು. ಇಂದು ಅದೇ ರಸ್ತೆಯ ಪೋರೂರಿನ ತುದಿಯಲ್ಲಿ, ಬಾಡಿಗೆ ಮನೆಯ ಕೋಣೆಯಲ್ಲಿ ಕೂತವರು ಕಡಲಾಚೆಯ ವಿಶ್ವವಿದ್ಯಾಲಯವೊಂದಕ್ಕೆ ಸೇರಿ ಸಂಗೀತ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದಬಹುದು. ಗುರುಮುಖವಿಲ್ಲದ ಈ ಓದು ನಮ್ಮ ಪರಂಪರೆಗೆ ಒಗ್ಗದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಚರಿತ್ರೆ ಹಾಗೆ ಹೇಳುವುದಿಲ್ಲ.

ದೂರದಿಂದ ಸಂಗೀತ ಕಲಿಯುವುದು ದಕ್ಷಿಣ ಭಾರತಕ್ಕೆ ಅಂತರ್ಜಾಲ ತಂದುಕೊಟ್ಟ ವರವಲ್ಲ. ಪಿಯಾನೊವಾದಕನಾಗುವ ಹಂಬಲವಿದ್ದ ಮೈಸೂರಿನ ಜಯಚಾಮರಾಜ ಒಡೆಯರು ಅರಮನೆಯ ಹೊಣೆ ಹೊತ್ತುಕೊಂಡೇ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಎನಿಸಿಕೊಂಡರು. ಅವರ ಸಂಗ್ರಹದಲ್ಲಿದ್ದ ಸುಮಾರು 20,000 ಗ್ರಾಮಫೋನ್ ತಟ್ಟೆಗಳೇ ಅವರಿಗೆ ಯುರೋಪಿನ ಸಂಗೀತಸಭೆಯಾಗಿದ್ದವು. ರಾಜರಿಗೆ ಏನು ತಾನೇ ಅಸಾಧ್ಯ ಎನ್ನುವವರಿಗೆ ಇಳಯರಾಜಾರ ಉದಾಹರಣೆಯಿದೆ. ಹಳ್ಳಿಯಿಂದ ಮದರಾಸಿಗೆ ಬಂದ ಅವರು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ಸಹಾಯಕರಾಗಿ ದುಡಿದರು, ಬಹುಪಾಲು ಕನ್ನಡ ಚಿತ್ರಗಳಲ್ಲಿ. ಅದರ ನಡುವೆಯೇ ಟ್ರಿನಿಟಿಯ ಕ್ಲಾಸಿಕಲ್ ಗಿಟಾರ್ ಶಿಕ್ಷಣವನ್ನು ದೂರಶಿಕ್ಷಣದ ದಾರಿಯಲ್ಲಿ ಮುಗಿಸಿದರು. ಅಂದರೆ ಕನ್ನಡಿಗರು ಎದೆಗೆ ಹಚ್ಚಿಕೊಂಡ ಎಷ್ಟೋ ಹಾಡುಗಳ ವಾದ್ಯಮೇಳದ ಹಿಂದೆ ಒಂದು ದೂರಪಾಠವೂ ಇತ್ತು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ, ಹಗುರವಾದದ್ದಲ್ಲ. ಇಳಯರಾಜಾರಿಗೆ ಮದರಾಸಿನಲ್ಲೇ ಗುರುವಾಗಿ ಧನರಾಜ್ ಮಾಸ್ಟರ್ ಇದ್ದರು; ಸಾಲದ್ದಕ್ಕೆ ದಿನಬೆಳಗಾದರೆ ಸ್ಟುಡಿಯೊ. ದೂರದ ಕಾಲೇಜು ಕೊಟ್ಟದ್ದು ಪಠ್ಯಕ್ರಮ ಮತ್ತು ಪರೀಕ್ಷೆ ಮಾತ್ರ, ವಿದ್ಯೆ ಬಂದದ್ದು ಹತ್ತಿರದವರಿಂದ ಎನ್ನಬಹುದು. ಒಪ್ಪುತ್ತೇನೆ. ಮಲ್ಟಿಟ್ರ್ಯಾಕ್ ಯಂತ್ರಗಳು ಬರುವ ಮುನ್ನ ಗಾಯಕರೂ ವಾದ್ಯದವರೂ ಒಂದೇ ಹೊತ್ತಿಗೆ, ಒಂದೇ ಟೇಕಿನಲ್ಲಿ ಹಾಡು ಮುಗಿಸಬೇಕಿತ್ತು. ಒಂದು ಪಿಟೀಲು ತಪ್ಪಿದರೆ ಎಲ್ಲರೂ ಮತ್ತೆ ಪಲ್ಲವಿಯಿಂದ. ಕೊಳಲಿಗೆ ಮೈಕು ಎಷ್ಟು ದೂರವಿರಬೇಕು, ತಬಲದ ನಾದ ಹಾಡುವ ದನಿಯ ಮೇಲೆ ಹರಿಯದಂತೆ ಯಾರನ್ನು ಎಲ್ಲಿ ಕೂರಿಸಬೇಕು ಎಂಬ ವಿವೇಕವನ್ನು ಸಹಾಯಕರು ಕಲಿತದ್ದು ರೆಕಾರ್ಡಿಸ್ಟರ ಪಕ್ಕದಲ್ಲಿ ನಿಂತು. ಚಿತ್ರತಂತ್ರವನ್ನು ಕಲಿಸುವ ಸರ್ಕಾರಿ ಸಂಸ್ಥೆ ಮದರಾಸಿನಲ್ಲಿ 1945ರಷ್ಟು ಹಿಂದೆಯೇ ಶುರುವಾಗಿತ್ತು, ನಿಜ. ಆದರೂ ಕಿವಿ ಹದಗೊಂಡದ್ದು ಸ್ಟುಡಿಯೊದ ಹಾಲ್‌ನಲ್ಲೇ.

ಆ ಹಾಲ್ ಖಾಲಿಯಾದದ್ದಕ್ಕೆ ಮಾತ್ರ ಆನ್‌ಲೈನ್ ಪದವಿಯನ್ನು ದೂರುವಂತಿಲ್ಲ. ಒಂದೊಂದು ವಾದ್ಯವನ್ನೂ ಬೇರೆ ಬೇರೆ ದಿನ ತುಂಬಿಕೊಳ್ಳುವ ಮಲ್ಟಿಟ್ರ್ಯಾಕ್ ಬಂತು, ಸಿಂಥಸೈಜರ್ ಬಂತು, 1989ರಲ್ಲಿ ಎ.ಆರ್. ರಹಮಾನ್ ಕೋಡಂಬಾಕ್ಕಂನ ಮನೆಯ ಬಳಿಯೇ ‘ಪಂಚತನ್ ರೆಕಾರ್ಡ್ ಇನ್’ ಕಟ್ಟಿಕೊಂಡರು, ಮೂರು ವರ್ಷದಲ್ಲಿ ‘ರೋಜಾ’ ಬಂತು. ಕೆಲಸ ಮೊದಲು ಮನೆಗೆ ಹೋಯಿತು, ಪಾಠ ಅದನ್ನು ಹಿಂಬಾಲಿಸಿತು. ಇದೇ ರಹಮಾನ್ 2008ರಲ್ಲಿ ಕೆ.ಎಂ. ಸಂಗೀತ ಕಾಲೇಜನ್ನು ತೆರೆದದ್ದು ಹಳೆಯ ಗುರುಕುಲ ತಾನಾಗಿ ಉಳಿಯದು ಎಂದು ಬಲ್ಲವರ ಹೆಜ್ಜೆಯಾಗಿಯೇ ನನಗೆ ಕಾಣುತ್ತದೆ. ಇನ್ನು ಹೆಡ್‌ಫೋನಿನಲ್ಲಿ ಕೇಳಿ ಮಿಕ್ಸಿಂಗ್ ಕಲಿಯಲಾದೀತೇ ಎಂಬ ಪ್ರಶ್ನೆ. ಪೋರೂರಿನಲ್ಲಿ ಮಾಡಿದ ಮಿಕ್ಸನ್ನು ಇನ್ನಾವುದೋ ಊರಿನ ಅಧ್ಯಾಪಕರು ತಮ್ಮ ಕೋಣೆಯ ಸ್ಪೀಕರಿನಲ್ಲಿ ಕೇಳಿ ತಪ್ಪು ತೋರಿಸುತ್ತಾರೆ. ಹಾಡು ಕೊನೆಗೆ ಸೇರುವುದೂ ಬಸ್ಸಿಗೆ, ಚಿತ್ರಮಂದಿರಕ್ಕೆ, ಫೋನಿಗೆ. ಪರರ ಕೋಣೆಯಲ್ಲಿ ನಿಲ್ಲದ ಮಿಕ್ಸು ಮಿಕ್ಸೇ ಅಲ್ಲ. ಈ ಒಂದು ಪರೀಕ್ಷೆಗೆ ದೂರವೇ ಅನುಕೂಲ.

ನನ್ನ ಆತಂಕ ಬೇರೆ. ಇಂಥ ಪಠ್ಯಗಳು ಬಹುಮಟ್ಟಿಗೆ ಪಾಶ್ಚಾತ್ಯ ಡ್ರಮ್ಸ್ ಮತ್ತು ಗಿಟಾರನ್ನು ನಡುವೆ ಇಟ್ಟುಕೊಂಡು ಹುಟ್ಟಿದವು. ಮೃದಂಗದ ಎಡಬಲಗಳ ನಾದ ಬೇರೆ ಬೇರೆ. ಬಯಲಲ್ಲಿ ಮೊಳಗಲೆಂದೇ ಹುಟ್ಟಿದ ನಾಗಸ್ವರವನ್ನು ಚಿಕ್ಕ ಕೋಣೆಯಲ್ಲಿ ಹಿಡಿಯುವುದು ಇನ್ನೊಂದೇ ಕಷ್ಟ. ಇವನ್ನು ಬಲ್ಲ ವಾದಕರೂ ಧ್ವನಿ ಎಂಜಿನಿಯರುಗಳೂ ಪೋರೂರಿನಿಂದ ಒಂದು ಬಸ್ಸಿನ ದೂರದಲ್ಲಿದ್ದಾರೆ. ಆದರೆ ಆ ಅರಿವು ಬಹುಪಾಲು ಬರಹಕ್ಕೆ ಇಳಿದಿಲ್ಲ. ರಹಮಾನ್‌ರ ಎಷ್ಟೋ ಹಾಡುಗಳಿಗೆ ನಾದದ ಹದ ಕೊಟ್ಟ ಎಚ್. ಶ್ರೀಧರ್ 2008ರಲ್ಲಿ ತೀರಿಕೊಂಡಾಗ ಅವರ ಕಿವಿಯೂ ಅವರೊಂದಿಗೆ ಹೋಯಿತು. ಸ್ನಾತಕೋತ್ತರ ಪದವಿಗೆ ಪ್ರಬಂಧವೊಂದನ್ನು ಬರೆಯಬೇಕಾದವರು ಆರ್ಕಾಟ್ ರಸ್ತೆಯಲ್ಲಿ ಇನ್ನೂ ಇರುವ ಹಿರಿಯ ರೆಕಾರ್ಡಿಸ್ಟರ ಮನೆಗೆ ಹೋಗಿ, ಯಾವ ಹಾಡಿಗೆ ಯಾವ ಮೈಕನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಿ ಬರೆದುಕೊಳ್ಳಬಹುದು.