ಶೂನ್ಯಸಂಪಾದನೆಯಲ್ಲಿ ಪ್ರಶ್ನೆಯ ಬಗೆ

ವಚನವನ್ನು ಓದಿ ಅರ್ಥ ಹೇಳುವುದು ಒಂದು ಕ್ರಮ. ಈ ವಚನ ಯಾವ ಪ್ರಶ್ನೆಗೆ ಉತ್ತರವಾಗಬಲ್ಲದು ಎಂದು ಕೇಳಿಕೊಳ್ಳುವುದು ಇನ್ನೊಂದು ಕ್ರಮ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲ ಶೂನ್ಯಸಂಪಾದನೆಯನ್ನು ಅಣಿಗೊಳಿಸಿದಾಗ ಹಿಡಿದದ್ದು ಈ ಎರಡನೆಯ ದಾರಿ.

ಶರಣರ ವಚನಗಳು 12ನೆಯ ಶತಮಾನದಲ್ಲಿ ಬಿಡಿಬಿಡಿಯಾಗಿ ಹುಟ್ಟಿದವು. ಅವುಗಳನ್ನು ಅಲ್ಲಮಪ್ರಭುದೇವರ ಸುತ್ತ ಸಂವಾದವಾಗಿ ಜೋಡಿಸಿ, ನಡುನಡುವೆ ಗದ್ಯದ ಕೊಂಡಿ ಹಾಕಿದವರು ಸಂಪಾದನಕಾರರು. ಆದ್ದರಿಂದ ಈ ಗ್ರಂಥವನ್ನು ಕಲ್ಯಾಣದ ಅನುಭವ ಮಂಟಪದ ಮಾತುಕತೆಯ ಯಥಾವತ್ತಾದ ದಾಖಲೆಯೆಂದು ಭಾವಿಸಲಾಗದು. ಈ ಮಾತು ಕೆಲವು ಭಕ್ತರಿಗೆ ನೋವು ತಂದೀತು; ಆದರೆ ಗ್ರಂಥದ ಘನತೆ ಇದರಿಂದ ಕುಂದುವುದಿಲ್ಲ.

ಅಕ್ಕಮಹಾದೇವಿಯವರ ಪ್ರಸಂಗವನ್ನೇ ನೋಡಬಹುದು. ಪ್ರಭುದೇವರು ಮೊದಲು ಆಕೆಯ ಗಂಡನ ಕುರುಹು ಕೇಳುತ್ತಾರೆ. ಚೆನ್ನಮಲ್ಲಿಕಾರ್ಜುನನೇ ಗಂಡನೆಂಬ ಉತ್ತರ ಬಂದರೂ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಸೀರೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿದ್ದೇಕೆ? ಇದಕ್ಕೆ ಹೌದು, ಅಲ್ಲ ಎಂದು ಹೇಳಿ ಪಾರಾಗಲು ಬಾರದು. ಅಕ್ಕನವರು ತಮ್ಮ ಅನುಭವವನ್ನೇ ಬಿಚ್ಚಿಡಬೇಕಾಗುತ್ತದೆ: ಒಳಗಿನ ಹಣ್ಣು ಮಾಗದೆ ಹೊರಗಿನ ಸಿಪ್ಪೆಯ ಬಣ್ಣ ಕೆಡದು, ಮೈ ಮುಚ್ಚಿದ್ದು ನೋಡುವವರಿಗೆ ನೋವಾಗದಿರಲೆಂದು. ಆ ಉತ್ತರದ ಒಳಗಿನಿಂದಲೇ ಪ್ರಭುಗಳ ಮುಂದಿನ ಪ್ರಶ್ನೆ ಏಳುತ್ತದೆ. ಪರೀಕ್ಷಕನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಇಲ್ಲಿ ಕೇಳುವವರೂ ಉತ್ತರದ ಜೊತೆ ನಡೆಯುತ್ತಾರೆ.

ನವಲಗುಂದ ತಾಲೂಕಿನ ತಿರ್ಲಾಪುರದಂತಹ ಊರುಗಳ ಕಡೆ ಶ್ರಾವಣದ ಪ್ರವಚನವೆಂದರೆ ಒಬ್ಬರು ಹೇಳುವುದು, ಉಳಿದವರು ಕೇಳಿ ಪ್ರಸಾದ ಸ್ವೀಕರಿಸಿ ಮನೆಗೆ ಹೋಗುವುದು. ಅದರಲ್ಲಿ ಭಕ್ತಿಗೆ ಕೊರತೆಯಿಲ್ಲ. ಆದರೆ ಶೂನ್ಯಸಂಪಾದನೆಯನ್ನು ಆ ರೀತಿಯಲ್ಲಿ ಓದಿದರೆ ಅರ್ಧ ಗ್ರಂಥವಷ್ಟೇ ಕಿವಿಗೆ ಬೀಳುತ್ತದೆ.

ಮಹಾದೇವಯ್ಯನವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಇದೇ ಕೃತಿಯನ್ನು ಮತ್ತೆ ಮತ್ತೆ ಸಂಪಾದಿಸಿದರು. ಪೂರ್ವಿಕರ ಜೋಡಣೆಯನ್ನು ಪೂಜಿಸಿ ಸುಮ್ಮನಾಗಲಿಲ್ಲ. ಇಷ್ಟಲಿಂಗ ದೀಕ್ಷೆಯಿಲ್ಲದೆ ಸೊನ್ನಲಿಗೆಯ ಸಿದ್ಧರಾಮರ ನಿಲುವು ಪೂರ್ಣವಾದೀತೇ? ಮಹಾದೇವಯ್ಯನವರಲ್ಲಿ ದೀಕ್ಷೆಯ ಪ್ರಸಂಗವೇ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ಅವಧಿಯಲ್ಲಿ ಇಂಗ್ಲಿಷ್ ಅನುವಾದದೊಡನೆ ಐದು ಸಂಪುಟಗಳಲ್ಲಿ ಪ್ರಕಟಿಸಿದ ಸಿದ್ಧವೀರಣ್ಣೊಡೆಯರ ಕೃತಿಯಲ್ಲಿ ಚನ್ನಬಸವಣ್ಣನವರೇ ಸಿದ್ಧರಾಮರಿಗೆ ದೀಕ್ಷೆ ನೀಡುತ್ತಾರೆ. ಎರಡನ್ನೂ ಎದುರುಬದುರು ಇಟ್ಟು ಓದುವ ಭಕ್ತರು ಯಾವುದನ್ನು ಒಪ್ಪುತ್ತಾರೆ, ಏಕೆ ಒಪ್ಪುತ್ತಾರೆ?